ಚೆನ್ನಾಗಿ ಸಾಯುವ ಅಳಿಯ

ಬಚ್ಚಲುಮನೆಯಲ್ಲಿ ದನಿ ಚೆನ್ನಾಗಿ ಮೊಳಗುತ್ತದೆ ಎಂಬ ಒಂದೇ ಕಾರಣಕ್ಕೆ ಅಳಿಯ ಆ ಬೆಳಿಗ್ಗೆ ಒಳಗಿನಿಂದ ಚಿಲಕ ಹಾಕಿಕೊಂಡು ಸಾಯತೊಡಗಿದ.

"ಕಂದಾ... ಅಳಬೇಡ... ಇನ್ಮೇಲೆ ಈ ಕತ್ತಿ..." ಎಂದು ನರಳಿ, ಕೊನೆಯುಸಿರೆಳೆದು, ಬಕೆಟ್ಟಿನ ಮೇಲೆ ಕುಸಿದ. ಮನಸ್ಸಿಗೆ ಹಿಡಿಸಲಿಲ್ಲ. ಎದ್ದು ಮತ್ತೊಮ್ಮೆ ಸತ್ತ.

ಅದು ಅವನ ಕಸುಬು. ಅನಿಮೆ ಎಂಬ ಜಪಾನಿ ಕಾರ್ಟೂನು ಸರಣಿಗಳಿಗೆ ಕನ್ನಡದಲ್ಲಿ ದನಿ ಕೊಡುವ ಸ್ಟುಡಿಯೋದಲ್ಲಿ ಅವನಿಗೆ ಸಿಗುತ್ತಿದ್ದದ್ದು ಒಂದೇ ಬಗೆಯ ಪಾತ್ರ. ಕರುಣಾಳು ಗುರು, ಮುದ್ದಿನ ಅಣ್ಣ, ನಗುಮೊಗದ ಅಪ್ಪ. ಮೂರು ಕಂತು ಎಲ್ಲರಿಗೂ ಬೇಕಾದವನಾಗಿ ಬದುಕಿ, ನಾಲ್ಕನೆಯದರಲ್ಲಿ ಹುಡುಗನ ತೊಡೆಯ ಮೇಲೆ ತಲೆಯಿಟ್ಟು ಪ್ರಾಣ ಬಿಡಬೇಕು. ಅಲ್ಲಿಯವರೆಗೆ ಸೋಮಾರಿಯಾಗಿದ್ದ ಹುಡುಗ ಕಣ್ಣೊರೆಸಿಕೊಂಡು ಎದ್ದು ವೀರನಾಗುತ್ತಾನೆ. "ನಾನು ಸಾಯದೆ ಅಲ್ಲಿ ಒಬ್ಬನೂ ಉದ್ಧಾರವಾಗಿಲ್ಲ" ಎಂದು ಅಳಿಯ ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದ. ಮಾತು ನಿಜವೂ ಹೌದು.

ಆದರೂ ಒಮ್ಮೆಯಾದರೂ ಕೊನೆಯ ಕಂತಿನವರೆಗೆ ಬದುಕಬೇಕೆಂಬ ಆಸೆ ಅವನಿಗೆ. ಹೊಸ ಸರಣಿಯಲ್ಲಿ ಮುನ್ನೂರು ವರ್ಷದ ಆಮೆಯೊಂದಿತ್ತು. ಕಂಡಕಂಡವರಿಗೆಲ್ಲ ಬೈಯುತ್ತ, ಬುದ್ಧಿ ಹೇಳುತ್ತ ನೂರಾರು ಕಂತು ಬದುಕುವ ಗಟ್ಟಿ ಜೀವ. "ಇವತ್ತು ಚೆನ್ನಾಗಿ ಸಾಯಿ, ಆಮೆ ನಿನಗೇ" ಎಂದು ನಿರ್ದೇಶಕಿ ಮಾತು ಕೊಟ್ಟಿದ್ದರು.

ಅವನು ಮೂರನೆಯ ಸಲ ಸಾಯುತ್ತಿದ್ದಾಗ ಬಾಗಿಲು ಮುರಿದು ಬಿತ್ತು. ನರಳಾಟ ಕೇಳಿ ಮೇಲಿನ ಮಹಡಿಯ ನಿವೃತ್ತ ಮೇಷ್ಟ್ರೂ ಎದುರುಮನೆಯ ನರ್ಸಮ್ಮನೂ ಒಳನುಗ್ಗಿದರು. ಆಕೆ ಹಿಂದುಮುಂದು ನೋಡದೆ ಅವನನ್ನು ಕೆಡವಿ, ಎದೆಯ ಮೇಲೆ ಎರಡೂ ಕೈಯೂರಿ ಒತ್ತತೊಡಗಿದಳು.

"ಅಯ್ಯೋ ಬಿಡ್ರೀ, ನಾನು ಚೆನ್ನಾಗೇ ಇದ್ದೀನಿ!"

"ಸಾಯೋರೆಲ್ಲ ಹಾಗೇ ಹೇಳೋದು. ಸುಮ್ನೆ ಮಲ್ಕೊಳ್ಳಿ!"

ಎದೆ ಬಿಡಿಸಿಕೊಳ್ಳಬೇಕೋ, ಜಾರುತ್ತಿದ್ದ ಟವೆಲು ಹಿಡಿದುಕೊಳ್ಳಬೇಕೋ ತಿಳಿಯದೆ ಅವನು ಒದ್ದಾಡುವಾಗ, ನಾಲ್ಕು ದಿನ ಇದ್ದು ಹೋಗೋಣವೆಂದು ಮಗಳ ಮನೆಗೆ ಬಂದಿದ್ದ ಅತ್ತೆ ಬಾಗಿಲಲ್ಲಿ ಕಾಣಿಸಿಕೊಂಡರು.

"ಬಿಡಮ್ಮ, ಅವರಿಗೇನೂ ಆಗಿಲ್ಲ. ಸಾಯೋದೇ ಅವರ ಉದ್ಯೋಗವಂತೆ. ಸಾಯೋದೂ ಒಂದು ಕೆಲಸವಾ? ನನ್ನ ಮಗಳಿಗೆ ಎಂಥ ಗಂಡು ಹುಡುಕಿದೆ ನಾನು!"

ಮೇಷ್ಟ್ರು ಕಿಸಕ್ಕನೆ ನಕ್ಕರು. ಅಳಿಯನಿಗೆ ಮೈಯೆಲ್ಲ ಉರಿಯಿತು.

"ಅತ್ತೆ, ಇವತ್ತು ನೀವೇ ಬಂದು ನೋಡಿ!"

ಅತ್ತೆ ಬಂದರು. ಕರೆಯದಿದ್ದರೂ ಮೇಷ್ಟ್ರು ಬಂದರು. ಸ್ಟುಡಿಯೋದಲ್ಲಿ ಇಬ್ಬರನ್ನೂ ಗಾಜಿನ ಆಚೆಬದಿಗೆ ನಿರ್ದೇಶಕಿಯ ಪಕ್ಕ ಕೂರಿಸಿ ಅಳಿಯ ಮೈಕಿನ ಮುಂದೆ ನಿಂತ. ಪರದೆಯ ಮೇಲೆ ಮುದಿ ಗುರು ಶಿಷ್ಯನ ತೊಡೆಯ ಮೇಲೆ ಒರಗಿದ.

"ಕಂದಾ... ಇನ್ಮೇಲೆ ಈ ಕತ್ತಿ..."

ದಡಾರನೆ ಬಾಗಿಲು ತೆರೆಯಿತು. "ವಾಕ್ಯ ಅರ್ಧಕ್ಕೇ ನಿಲ್ತಲ್ರೀ!" ಎಂದರು ಮೇಷ್ಟ್ರು. "ಕತ್ತಿ ಏನು ಮಾಡ್ಬೇಕು ಅಂತ ಹೇಳದೆ ಸತ್ರೆ ಆ ಹುಡುಗ ಏನು ಮಾಡ್ತಾನೆ?"

ನಿರ್ದೇಶಕಿ ಅವರನ್ನು ಎಳೆದು ಕೂರಿಸಿದರು. ಎರಡನೆಯ ಸಲ ಅಳಿಯ ಉಸಿರೆಳೆದುಕೊಂಡದ್ದೇ ತಡ, ನರ್ಸಮ್ಮ ಒತ್ತಿದ ಪಕ್ಕೆಲುಬು ಚುಳ್ಳೆಂದು, ಗುರುಗಳು "ಅಯ್ಯಮ್ಮಾ!" ಎಂದು ಕಿರುಚಿದರು. ನಿರ್ದೇಶಕಿಯ ಮುಖ ಗಂಟಿಕ್ಕಿತು. ಆಮೆ ಕೈಬಿಟ್ಟು ಹೋಗುತ್ತಿತ್ತು.

ಮೂರನೆಯ ಸಲ ಅವನು ಆ ನೋವನ್ನೇ ಹಿಡಿದುಕೊಂಡ. ಪ್ರತಿ ಉಸಿರಿಗೂ ಪಕ್ಕೆ ಚುಚ್ಚುತ್ತಿತ್ತು, ಪ್ರತಿ ಮಾತೂ ಚೂರುಚೂರಾಗಿ ಬಂತು. ಇಷ್ಟು ಚೆನ್ನಾಗಿ ಅವನು ಎಂದೂ ಸತ್ತಿರಲಿಲ್ಲ. "ಕತ್ತಿ..." ಎಂಬಲ್ಲಿ ದನಿ ಆರಿತು. ಅರ್ಧ ವಾಕ್ಯ ಈ ಸಲ ಮೇಷ್ಟ್ರಿಗೂ ಸಾಕಾಯಿತು.

ಆಗ ಒಂದು ಗೋಳು ಎದ್ದಿತು. ಗಂಡ ತೀರಿಕೊಂಡಾಗಲೂ ಹನಿ ಕಣ್ಣೀರು ಹಾಕದ ಅತ್ತೆ ಬಿಕ್ಕಿಬಿಕ್ಕಿ ಅಳುತ್ತ ಒಳನುಗ್ಗಿ, ಪರದೆಯ ಹುಡುಗನತ್ತ ಬೆರಳು ಚಾಚಿದರು.

"ಏಳೋ ಸೋಂಬೇರಿ! ನಿನಗೋಸ್ಕರ ಜೀವ ಬಿಟ್ಟಿದ್ದಾರೆ ಕಣೋ! ಅಳ್ತಾ ಕೂತ್ರೆ ಆಯ್ತಾ? ಹಿಡಿ ಆ ಕತ್ತೀನ!"

ಪರದೆಯ ಮೇಲೆ ಹುಡುಗ ಸರಿಯಾಗಿ ಆಗಲೇ ಎದ್ದು ಕತ್ತಿ ಹಿಡಿದ.

"ಸಿಕ್ತು! ಆಮೆ ಸಿಕ್ತು!" ಎಂದು ನಿರ್ದೇಶಕಿ ಕುಣಿದಾಡುತ್ತ ಓಡಿಬಂದರು. ಅಳಿಯ ಹೆಮ್ಮೆಯಿಂದ ಎರಡೂ ಕೈ ಚಾಚಿದ. ಆಕೆ ಅವನನ್ನು ದಾಟಿಹೋಗಿ ಅತ್ತೆಯನ್ನು ತಬ್ಬಿಕೊಂಡರು.

"ಮತ್ತೆ ನಂಗೆ?" ಎಂದ ಅಳಿಯ ಸಣ್ಣ ದನಿಯಲ್ಲಿ.

"ನೀನಿಲ್ದೆ ಆಗುತ್ತಾ? ಆಮೆಗೊಂದು ಮೊಲ ಸ್ನೇಹಿತ. ತುಂಬಾ ಒಳ್ಳೇ ಮೊಲ."

"ಎಷ್ಟು ಕಂತು?"

ನಿರ್ದೇಶಕಿ ನೆಲ ನೋಡಿದರು. "ಮೊದಲನೇದ್ರಲ್ಲೇ ಹೋಗುತ್ತೆ. ಆ ದುಃಖಕ್ಕೇ ಆಮೆ ಚಿಪ್ಪಿನಿಂದ ಹೊರಗೆ ಬರೋದು."

ಸಂಜೆ ಮೆಟ್ಟಿಲ ಮೇಲೆ ಅಕ್ಕಪಕ್ಕದವರೆಲ್ಲ ಸೇರಿದ್ದರು. "ನನ್ನ ಅಳಿಯ ಸತ್ತ ಹಾಗೆ ಯಾರು ಸಾಯ್ತಾರೆ ಹೇಳಿ ನೋಡೋಣ! ಕಲ್ಲಿನಂಥ ನನ್ನನ್ನೇ ಅಳಿಸಿಬಿಟ್ರು" ಎಂದು ಅತ್ತೆ ಸಾರುತ್ತಿದ್ದರು. ಈ ಮಾತಿಗಾಗಿ ಅವನು ಮದುವೆಯಾದಂದಿನಿಂದ ಕಾದಿದ್ದ. ನಾಳೆ ಊರಿಗೆ ಹೊರಡಬೇಕಿದ್ದ ಅತ್ತೆಯ ಚೀಲ ಖಾಲಿಯಾಗಿ ಅಟ್ಟ ಸೇರಿದ್ದು ಅವನ ಕಣ್ಣಿಗೆ ಬಿದ್ದದ್ದು ಆಮೇಲೆ. ಆಮೆಗೆ ನೂರಾರು ಕಂತುಗಳಿದ್ದವು.

ಕೈಕಾಲು ತೊಳೆಯಲು ಹೋದರೆ, ಬಾಗಿಲಿಲ್ಲದ ಬಚ್ಚಲುಮನೆಗೆ ಪರದೆ ಇಳಿಬಿಟ್ಟಿತ್ತು. ಒಳಗೆ ಆಮೆ ಯಾರಿಗೋ ಬೈಯುತ್ತಿತ್ತು. ಅಳಿಯ ಹೆಗಲ ಮೇಲೆ ಟವೆಲು ಹಾಕಿಕೊಂಡು ಕಾದು ನಿಂತ.

"ಅಳಿಯಂದ್ರೇ," ಎಂದು ಒಳಗಿನಿಂದ ಕರೆದರು ಅತ್ತೆ, "ಆ ಮೊಲ ಸಾಯೋದು ಯಾವತ್ತು?"

"ಸೋಮವಾರ, ಅತ್ತೆ."

"ಚೆನ್ನಾಗಿ ಸಾಯಿರಿ. ನಾನು ಉದ್ಧಾರವಾಗ್ಬೇಕು."