ಮನೆಮೇಜಿನ ಮಾನಿಟರ್ ನೇಮಕಾತಿ

ಸೋಮವಾರ ಬೆಳಗ್ಗೆ ಹತ್ತೂಕಾಲಿಗೆ ನಕ್ಷೆಗಾರನ ಮನೆಯ ಮಾನಿಟರ್ ತೀರಿಕೊಂಡಿತು. ಪರದೆಯ ಮೇಲೆ ಹಸಿರು ಗೆರೆಯೊಂದು ಎದ್ದಿತು, ಟಪ್ ಎಂದಿತು, ಕತ್ತಲಾಯಿತು.

ಅವನು ನೀರು ಸರಬರಾಜು ಕಚೇರಿಯ ನೌಕರ. ಕಚೇರಿಯಲ್ಲಿ ಕುರ್ಚಿ ಸಾಲದ್ದರಿಂದ ಮನೆಯಲ್ಲೇ ಕೂತು ಕೊಳವೆಗಳ ನಕ್ಷೆ ಬರೆಯಲು ಅನುಮತಿಯಿತ್ತು. ಮೂವತ್ತನೇ ತಾರೀಖಿಗೆ ದೊಡ್ಡ ಕೊಳವೆಯ ನಕ್ಷೆ ಕೊಡಬೇಕು. ಕೊಡದಿದ್ದರೆ ಅನುಮತಿ ರದ್ದು. ರದ್ದಾದರೆ ದಿನಾ ಕಚೇರಿಗೆ ಹೋಗಬೇಕು. ಹೋದರೂ ಕುರ್ಚಿಯಿಲ್ಲದವನಿಗೆ ಗೈರುಹಾಜರಿ ಬರೆಯುವುದು ಅಲ್ಲಿನ ವಾಡಿಕೆ. ಮೂರು ದಿನ ಗೈರಾದರೆ ಕೆಲಸ ಹೋಗುತ್ತದೆ.

"ಅಂಗಡಿಗೆ ಹೋಗಿ ಒಂದು ತಗೊಂಡು ಬರಬಾರದೇನ್ರೀ?" ಎಂದಳು ಹೆಂಡತಿ.

"ಸ್ವಂತ ಮಾನಿಟರಲ್ಲಿ ಸರ್ಕಾರಿ ಕೊಳವೆ ನೋಡೋ ಹಾಗಿಲ್ಲ ಕಣೇ. ಕಚೇರಿಯೇ ಕೊಡಬೇಕು."

"ಹಾಗಾದ್ರೆ ಊರವರು ಬಾವಿ ತೋಡಿಕೊಳ್ಳೋದು ವಾಸಿ."

ನಿಯಮ ಹದಿನಾಲ್ಕರ ಪ್ರಕಾರ ಮನೆಮೇಜಿನ ಮಾನಿಟರ್ ವಿಶ್ವಾಸಾರ್ಹವಾಗಿರತಕ್ಕದ್ದು. ವಿಶ್ವಾಸವನ್ನು ಅಳೆಯುವುದು ಹೇಗೆಂದು ನಿಯಮ ಹೇಳಿರಲಿಲ್ಲ. ನಕ್ಷೆಗಾರ ಬೇಡಿಕೆ ಸಲ್ಲಿಸಿದಾಗ ಕಚೇರಿಯ ಮ್ಯಾನೇಜರು ಬೀರುಗಳನ್ನೆಲ್ಲ ತಡಕಾಡಿದರು. ವಿಶ್ವಾಸಾರ್ಹತೆಯ ಮಾತಿದ್ದದ್ದು ಒಂದೇ ಕಾಗದದಲ್ಲಿ. ಅದು ಹೊಸ ನೌಕರರ ನೇಮಕಾತಿ ಅರ್ಜಿ. ಅದನ್ನೇ ಬಳಸುವುದೆಂದು ತೀರ್ಮಾನವಾಯಿತು.

ಮರುದಿನ ಪ್ರಕಟಣೆ ಹೊರಬಿತ್ತು: "ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ, ಇಪ್ಪತ್ತನಾಲ್ಕು ಇಂಚಿನ, ಸನ್ನಡತೆಯ, ಈ ಹಿಂದೆ ಯಾವ ಕಚೇರಿಯಿಂದಲೂ ವಜಾಗೊಂಡಿರದ ಮಾನಿಟರುಗಳು ಅರ್ಜಿ ಸಲ್ಲಿಸತಕ್ಕದ್ದು. ಶಿಫಾರಸು ತಂದವುಗಳನ್ನು ಅನರ್ಹಗೊಳಿಸಲಾಗುವುದು."

ಮೂರು ಅರ್ಜಿ ಬಂದವು. ಮೂರಕ್ಕೂ ಶಿಫಾರಸಿತ್ತು. ಹೀಗಾಗಿ ಯಾರಿಗೂ ಅನ್ಯಾಯವಾಗಲಿಲ್ಲ.

ಸಂದರ್ಶನ ದೊಡ್ಡ ಸಾಹೇಬರ ಕೋಣೆಯಲ್ಲಿ, ಮ್ಯಾನೇಜರು ಮತ್ತು ನಕ್ಷೆಗಾರನ ಎದುರು ನಡೆಯಿತು. ಮೊದಲನೆಯದು ಹಚ್ಚಿದ ಕೂಡಲೇ ಸಾಹೇಬರ ಕಡೆ ಮಿಣುಕಿತು. ನಡತೆ ಸರಿಯಿಲ್ಲವೆಂದು ಹೊರಗೆ ಕಳಿಸಿದರು. ಎರಡನೆಯದು ಬಾಗಿದ ಪರದೆಯ ಹೊಸ ಮಾದರಿ. "ಈ ವಯಸ್ಸಿಗೇ ಬೆನ್ನು ಬಾಗಿದೆ, ಪಾಪ," ಎಂದು ಸಾಹೇಬರು ವೈದ್ಯಕೀಯ ಕಾರಣ ಬರೆದರು.

ಮೂರನೆಯದು ಮ್ಯಾನೇಜರ ಭಾಮೈದನ ಅಂಗಡಿಯದು. ಅದರ ಸರದಿ ಬರುವ ಹೊತ್ತಿಗೆ ಸಾಹೇಬರಿಗೆ ಸೆಕೆಯಾಗಿ, ಇದ್ದೊಂದು ಪ್ಲಗ್ಗಿಗೆ ಫ್ಯಾನು ಸಿಕ್ಕಿಸಿದ್ದರು.

"ನಿಮ್ಮ ದೌರ್ಬಲ್ಯ ಏನು?" ಸಾಹೇಬರು ಕೇಳಿದರು. ಅದು ಸುಮ್ಮನಿತ್ತು.

"ಬಡ್ತಿ ಯಾವಾಗ ಕೇಳ್ತೀರಿ?" ಸುಮ್ಮನಿತ್ತು.

"ಮೇಲಧಿಕಾರಿ ತಪ್ಪು ಮಾಡಿದ್ರೆ ಏನು ಮಾಡ್ತೀರಿ?"

ಅದು ಸುಮ್ಮನೇ ಇತ್ತು. ಸಾಹೇಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಮೂವತ್ತು ವರ್ಷದ ಸರ್ವೀಸಿನಲ್ಲಿ ಇಂಥ ಉತ್ತರ ಕೇಳಿರಲಿಲ್ಲ," ಎಂದು ನೂರಕ್ಕೆ ನೂರು ಕೊಟ್ಟರು.

"ಸಾರ್, ವೈರ್ ಹಾಕಿ ನೋಡಬೇಕಿತ್ತು," ಎಂದ ನಕ್ಷೆಗಾರ.

"ಸಂದರ್ಶನದಲ್ಲಿ ಅಭ್ಯರ್ಥಿಯ ಮೈ ಮುಟ್ಟೋ ಹಾಗಿಲ್ಲ ಕಣಯ್ಯಾ," ಎಂದರು ಮ್ಯಾನೇಜರು.

"ಹೋಗಲಿ, ಮನೆಗೆ ಒಯ್ಯಲಾ?"

"ಎಲ್ಲಿಗೆ? ಹೊಸ ನೌಕರ ಎರಡು ವರ್ಷ ಕಚೇರಿಯಲ್ಲೇ ಇರಬೇಕು. ಆಮೇಲೆ ಬೇಕಾದ್ರೆ ಮನೆ ಕೆಲಸಕ್ಕೆ ಅರ್ಜಿ ಹಾಕಲಿ."

"ಮತ್ತೆ ನನ್ನ ನಕ್ಷೆ?"

"ಅದು ನಿನ್ನ ಪಾಡು."

ಖಾಲಿಯಿದ್ದದ್ದು ಹಿರಿಯ ನಕ್ಷೆಗಾರರ ಹುದ್ದೆಯೊಂದೇ. ಮಾನಿಟರಿನ ನೇಮಕದ ಆದೇಶ ಅದಕ್ಕೇ ಆಯಿತು. ಉಗ್ರಾಣದಿಂದ ಹೊಸ ಕುರ್ಚಿ ಬಂತು.

"ಕುರ್ಚಿ ಇಲ್ಲ ಅಂದಿದ್ರಲ್ಲ ಸಾರ್?"

"ನಿಂಗೆ ಇರಲಿಲ್ಲ."

ನಕ್ಷೆಗಾರ ಮನೆಗೆ ಬಂದು ಊಟದ ಮೇಜಿನ ಮುಂದೆ ತಲೆ ಮೇಲೆ ಕೈ ಹೊತ್ತು ಕೂತ. ಹೆಂಡತಿ ಹಳೇ ಕ್ಯಾಲೆಂಡರ್ ಬಿಚ್ಚಿ, ಹನ್ನೆರಡು ಹಾಳೆಗಳನ್ನು ಮಗುಚಿ ಉದ್ದಕ್ಕೆ ಅಂಟಿಸಿ, ಪೆನ್ಸಿಲು ಕೈಗಿತ್ತಳು. ಒಂಬತ್ತು ದಿನ ಇಬ್ಬರೂ ನಿಂತುಕೊಂಡೇ ಉಂಡರು. ದೊಡ್ಡ ಕೊಳವೆ ಜನವರಿಯ ಬೆನ್ನಿನಿಂದ ಹೊರಟು, ಜೂನಿನಲ್ಲಿ ರಸ್ತೆ ದಾಟಿ, ಡಿಸೆಂಬರಿನಲ್ಲಿ ಕೆರೆ ಮುಟ್ಟಿತು.

ಮೂವತ್ತಕ್ಕೆ ಸುರುಳಿ ಹೊತ್ತು ಕಚೇರಿಗೆ ಹೋದ. ನಕ್ಷೆಗೆ ಹಿರಿಯ ನಕ್ಷೆಗಾರರ ಒಪ್ಪಿಗೆ ಬೇಕಿತ್ತು. ಅವರ ಮುಂದೆ ಹರಡಿ, ಕೈಕಟ್ಟಿ ನಿಂತ. ಅರ್ಧ ಗಂಟೆಯಲ್ಲಿ ಆಕ್ಷೇಪ ಬಾರದಿದ್ದರೆ ಒಪ್ಪಿಗೆ ಎಂದೇ ಭಾವಿಸತಕ್ಕದ್ದೆಂಬ ನಿಯಮವಿದೆ. ಮ್ಯಾನೇಜರು ಗಡಿಯಾರ ನೋಡುತ್ತ ಕೂತರು.

"ಏನಾದ್ರೂ ಅಂದ್ರಾ?"

"ಇಲ್ಲ ಸಾರ್."

"ಸಂಭಾವಿತರು," ಎಂದು ಮ್ಯಾನೇಜರು ಮೊಹರು ಒತ್ತಿದರು.

ಸಂಜೆ ಹೆಂಡತಿ ಕೇಳಿದಳು, "ಹೊಸ ಸಾಹೇಬರು ಹೇಗ್ರೀ?"

"ಒಳ್ಳೆಯವರು. ಗೊಣಗಲ್ಲ."

ಅವನ ಅನುಮತಿ ಇನ್ನೊಂದು ವರ್ಷಕ್ಕೆ ಮುಂದುವರಿಯಿತು. ಹಿರಿಯ ನಕ್ಷೆಗಾರರು ಆಕ್ಷೇಪಿಸಲಿಲ್ಲ.