ತವರಿನ ದಾರಿಗೆ ಅಡ್ಡ ನಿಂತ ಬಾಗಿಲು

ಕೆಟ್ಟು ನಿಲ್ಲುವ ವಸ್ತುಗಳಿಗೆ ಕಣ್ಣು ಇರುತ್ತವೆ ಅಂತ ನನಗೆ ಅನುಮಾನ. ಯಾರಿಗೆ ಯಾವತ್ತು ಅವಸರ ಅದ ಅಂತ ನೋಡಿಕೊಂಡೇ ಕೆಡುತ್ತವೆ. ಇವತ್ತಿಗೂ ಹಂಗೇ, ನಿಜಾಮರ ರಾಜ್ಯ ಇದ್ದಾಗಲೂ ಹಂಗೇ.

ಆಗ ನಾವು ನಾರಾಯಣಖೇಡದಲ್ಲಿ ಇದ್ದೆವು. ನಮ್ಮ ಮನೆಯವರು ಒಬ್ಬ ಸಾವ್ಕಾರರ ಮೋಟಾರಿಗೆ ಡ್ರೈವರ್. ಸಾವ್ಕಾರರ ವಾಡೆಯ ಬಗಲಿಗೇ ಮೋಟಾರ್‌ಖಾನೆ, ಅದರ ಬಗಲಿಗೆ ನಮ್ಮ ಮನೆ. ಆ ಮೋಟಾರ್‌ಖಾನೆಗೆ ಎಲ್ಲೂ ಇಲ್ಲದಂಥ ಒಂದು ಬಾಗಿಲು ಮಾಡಿಸಿದ್ದರು. ಅದು ಆಚೆ ಈಚೆ ತೆರೆಯುತ್ತಿರಲಿಲ್ಲ, ಮೇಲಕ್ಕೆ ಹೋಗುತ್ತಿತ್ತು. ಗೋಡೆಗೆ ಒಂದು ಕಬ್ಬಿಣದ ಹಿಡಿಕೆ. ಅದನ್ನು ಎಳೆದರೆ ಕೊಂಡಿ ಬಿಡುತ್ತಿತ್ತು, ರಾಟೆಯ ಮೇಲಿನ ಹಗ್ಗಕ್ಕೆ ತೂಗುಹಾಕಿದ ಕಲ್ಲು ಹೊರಗೋಡೆಯ ಮಗ್ಗುಲಿಗೆ ಕೆಳಗೆ ಇಳಿಯುತ್ತಿತ್ತು, ಸಾಗವಾನಿ ಬಾಗಿಲು ತಾನೇ ಮೇಲೇರುತ್ತಿತ್ತು. ನೋಡಲಿಕ್ಕೆ ಸಿರ್ಗಾಪುರದಿಂದ ಜನ ಬರುತ್ತಿದ್ದರು.

ಹನ್ನೊಂದು ತಿಂಗಳು ಚಂದ ತೆರೆಯುತ್ತಿತ್ತು. ನಾಗರ ಪಂಚಮಿ ಬಂದಾಗ ಮಾತ್ರ ತೆರೆಯುತ್ತಿರಲಿಲ್ಲ.

ನನ್ನ ತವರು ಕಂಗ್ಟಿ. ಮದುವೆಯಾದ ಮೊದಲ ಪಂಚಮಿಗೆ ಅಪ್ಪ ಬಂದು ಕರೆದುಕೊಂಡು ಹೋದ. ಮರುವರ್ಷ ಅಪ್ಪನೇ ಇಲ್ಲವಾದ. ನನಗೆ ಅಣ್ಣ ತಮ್ಮ ಇಲ್ಲ. ಅವ್ವ ಒಬ್ಬಳೇ. ತವರಿನ ಗಂಡಸರು ಬಂದು ಕರೆಯದೆ ಸೊಸೆಯನ್ನು ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಆದರೆ ಸಾವ್ಕಾರರ ತಂಗಿಯನ್ನೂ ಕಂಗ್ಟಿಗೇ ಕೊಟ್ಟಿದ್ದರು. ಪಂಚಮಿಯ ದಿನ ಬೆಳಿಗ್ಗೆ ಆಕೆಗೆ ಒಂದು ಬುಟ್ಟಿ ಉಂಡಿ ಮೋಟಾರಿನಲ್ಲಿ ಹೋಗುತ್ತಿತ್ತು. ಸಾವ್ಕಾರರ ಹೆಂಡತಿ ನಮ್ಮ ಅತ್ತೆಗೆ ಹೇಳಿದರು: "ಉಂಡಿ ಸಂಗಟ ಸೊಸಿನ್ನೂ ಕಳಸವ್ವ. ಮೋಟಾರೇ ಕರಿಯಾಕ ಬಂದದ ಅಂತ ತಿಳಕೊ." ಅತ್ತೆ ಒಪ್ಪಿದರು. ಬಾಗಿಲು ಒಪ್ಪಲಿಲ್ಲ. ಬಾಗಿಲು ತೆರೆಯದ ವರ್ಷ ಉಂಡಿಯ ಬುಟ್ಟಿ ಕುದುರೆಯ ಮೇಲೆ ಹೋಗುತ್ತಿತ್ತು. ಸೊಸೆಯನ್ನು ಕುದುರೆಯ ಮೇಲೆ ಯಾರು ಕಳಿಸುತ್ತಾರೆ?

ಕಲ್ಲಿಗೆ ಭಂಡಾರ

ಮೊದಲನೇ ಸಲ ಬಟ್ಟೆ ಗಂಟು ಕಟ್ಟಿಕೊಂಡು ಬಂದು ನೋಡುತ್ತೇನೆ, ತೂಗುವ ಕಲ್ಲಿನ ಮುಂದೆ ಐದಾರು ಜನ ಕೈಮುಗಿದು ಕುಂತಿದ್ದಾರೆ. ಕುರಿ ಕಾಯುವ ಮಂದಿ. ನುಣುಪು ಕಲ್ಲು, ಒಬ್ಬರೂ ಹಿಡಿಯದೆ ಗಾಳಿಯಲ್ಲಿ ನಿಂತದ್ದು ಕಂಡು, ಅರಿಶಿನದ ಭಂಡಾರ ಬಳಿದು, ಹೂವು ಏರಿಸಿ, ಕಾಯಿ ಒಡೆದಿದ್ದರು.

ನಮ್ಮ ಮನೆಯವರು ಹಿಡಿಕೆಗೆ ಕೈ ಹಚ್ಚಿದರು. ಒಬ್ಬ ಮುದುಕ ಅಡ್ಡ ಬಂದ. "ಏನ್ ಮಾಡಾಕತ್ತೀರಿ?"

"ಬಾಗಲಾ ತೆಗಿಯಾಕತ್ತೀನಿ."

"ತೆಗಿರಿ. ದೇವರಿಗಿ ಯಾಕ ಕೆಳಗ ಇಳಸ್ತೀರಿ?"

"ಅದು ಕೆಳಗ ಬಂದ್ರೇ ಬಾಗಲಾ ಮ್ಯಾಲ ಹೋಗತದ, ಕಾಕಾ."

"ಹಂಗಂದ್ರ ನಿಮ್ಮ ಬಾಗಲಾಕ ನಮ್ಮ ದೇವರು ಆಳೇನು?"

ಈ ಮಾತಿಗೆ ಉತ್ತರ ಹುಡುಕುವುದರಲ್ಲಿ ಮಧ್ಯಾಹ್ನವಾಯಿತು. ಸಾವ್ಕಾರರು ಬಂದರು, ಊರ ಗೌಡರು ಬಂದರು. ಉಂಡಿ ಕುದುರೆ ಏರಿ ಹೋಯಿತು. ನಾನು ಗಂಟು ಬಿಚ್ಚಿ ಸೀರೆ ಮತ್ತೆ ಗಳಕ್ಕೆ ಹಾಕಿದೆ. ಕಡೆಗೆ ನಮ್ಮ ಮನೆಯವರೇ ಉಪಾಯ ಕಂಡುಹಿಡಿದರು. "ಕಾಕಾ, ಇದು ಇಳಸೋದಲ್ಲ. ಪಂಚಮಿ ಬಂದದಲ್ಲ, ದೇವರಿಗಿ ಜೋಕಾಲಿ ಸೇವಾ."

ಮುದುಕ ಕಲ್ಲಿಗೆ ಇನ್ನೊಂದು ಸಲ ಕೈಮುಗಿದ. "ಹಂಗಾದ್ರ ಮೆಲ್ಲಕ ತೂಗ್ರಿ. ದೇವರಿಗಿ ವಯಸ್ಸಾಗ್ಯದ, ತಲಿ ತಿರಗತದ."

ಹಗ್ಗ

ಮರುವರ್ಷ ಕಲ್ಲು ಇತ್ತು, ರಾಟೆ ಇತ್ತು, ಹಗ್ಗ ಇರಲಿಲ್ಲ. ನಮ್ಮ ಮನೆಯವರು ಮೇಲೆ ಕೆಳಗೆ ಹುಡುಕಿದರು. ಇಲಿ ಕಡಿದರೆ ಚೂರಾದರೂ ಬೀಳಬೇಕಲ್ಲ. ಆಮೇಲೆ ನೋಡಿದರೆ ಅತ್ತೆ ಅದರಿಂದಲೇ ಬಾವಿಯಲ್ಲಿ ನೀರು ಸೇದುತ್ತಿದ್ದಾರೆ.

"ಯವ್ವಾ, ಅದು ಮೋಟಾರ್‌ಖಾನಿ ಹಗ್ಗ."

"ಬಾವಿ ಹಗ್ಗ ಹರದದ. ಹಬ್ಬಕ್ಕ ನೀರು ಬ್ಯಾಡೇನು ಮನ್ಯಾಗ?"

ಹಗ್ಗ ಅಷ್ಟರಲ್ಲಿ ನೆನೆದು ಉಬ್ಬಿ ರಾಟೆಯೊಳಗೆ ಕೂರದಂಗೆ ಆಗಿತ್ತು. ಅಂಥ ಹಗ್ಗ ಜಹೀರಾಬಾದಿನಲ್ಲಿ ಮಾತ್ರ ಸಿಗುತ್ತಿತ್ತು. ಸಾವ್ಕಾರರು ಕೂಗಿ ಹೇಳಿದರು, "ಮೋಟಾರ್ ತಗೊಂಡು ಹೋಗಿ ಜಲ್ದಿ ತಗೊಂಡು ಬಾ."

ನಮ್ಮ ಮನೆಯವರು ನಿಂತೇ ಇದ್ದರು.

"ಯಾಕ ನಿಂತಿ?"

"ಮೋಟಾರ್ ಹೊರಗ ಬರಾಕ ಹಗ್ಗ ಬೇಕ್ರಿ."

ಬಂಡಿಯಲ್ಲಿ ಹೋದರು. ಬಂಡಿ ಹೊಡೆಯುವವನಿಗೆ ಭಾಳ ಖುಷಿ. ದಾರಿಯುದ್ದಕ್ಕೂ ಎತ್ತಿನ ಬಾಲ ತೋರಿಸಿ ಹೇಳಿದನಂತೆ, "ಡ್ರೈವರ್ ಸಾಬ್, ನಮ್ಮ ಮೋಟಾರಿನ ಹಿಡಿಕಿ ಇದೇ ನೋಡ್ರಿ. ಹಗ್ಗ ಬ್ಯಾಡ, ರಾಟಿ ಬ್ಯಾಡ." ಅವರು ಹಗ್ಗ ತರುವಷ್ಟರಲ್ಲಿ ಪಂಚಮಿ ಮುಗಿದು ಮೂರು ದಿನ. ಕಂಗ್ಟಿಯಿಂದ ಬಂದ ಒಬ್ಬ ವ್ಯಾಪಾರಿಯ ಕೈಯಲ್ಲಿ ಅವ್ವ ಹೇಳಿ ಕಳಿಸಿದ್ದಳು: ಜೋಳದ ಅಳ್ಳು ಹುರಿದು ಇಟ್ಟಿದ್ದೆ, ಮೆತ್ತಗಾದವು, ಎಮ್ಮೆಗೆ ಹಾಕಿದೆ. ಇಷ್ಟೇ ಮಾತು. ನಾನು ಒಲೆಯ ಮುಂದೆ ಕುಂತು ಕಣ್ಣೀರು ಹಾಕಿದೆ. ಸಾಸುವೆ ಹೊಗೆ ಅಂತ ಎಲ್ಲರಿಗೂ ಹೇಳಿದೆ. ಅವತ್ತು ಒಗ್ಗರಣೆಯೇ ಇರಲಿಲ್ಲ.

ತಾಂಡೂರಿನ ಮಿಸ್ತ್ರಿ

ಮೂರನೇ ವರ್ಷ ಎಲ್ಲ ಇದ್ದೂ ಬಾಗಿಲು ಏಳಲಿಲ್ಲ. ಮಳೆಗೆ ಕಟ್ಟಿಗೆ ಉಬ್ಬಿ ಚೌಕಟ್ಟಿಗೆ ಕಚ್ಚಿಕೊಂಡಿದೆ ಅಂತ ನಮ್ಮ ಮನೆಯವರು ಹೇಳಿದರು. ಡ್ರೈವರನ ಮಾತು ಯಾರು ಕೇಳುತ್ತಾರೆ? ಸಾವ್ಕಾರರು ತಾಂಡೂರಿನಿಂದ ಮಿಸ್ತ್ರಿಯನ್ನು ಕರೆಸಿದರು. ಕಲ್ಲುಗಣಿಯ ಊರಾದ ತಾಂಡೂರಿನವನಿಗೆ ಲೋಕದ ಎಲ್ಲ ರೋಗಕ್ಕೂ ಕಲ್ಲೇ ಔಷಧ. ತೂಗುಕಲ್ಲು ಮುಟ್ಟಿ ನೋಡಿ, "ಹಗುರ ಅದ," ಅಂದ. ಒಂದು ಹಾಸುಗಲ್ಲು ತಂದು ಅದಕ್ಕೆ ಕಟ್ಟಿಸಿದ. ತಾನು ಬಾಗಿಲ ಕೆಳಗಿನ ಪಟ್ಟಿ ಎರಡೂ ಕೈಲಿ ಹಿಡಿದು, "ಈಗ ಬಿಡ್ರಿ," ಅಂದ.

ಬಿಟ್ಟರು. ಕಲ್ಲು ದಡಕ್ಕನೆ ಕೆಳಗೆ ಬಂತು. ಬಾಗಿಲು ಮೇಲೆ ಹೋಯಿತು. ಬಾಗಿಲ ಸಂಗಟ ಮಿಸ್ತ್ರಿಯೂ ಹೋದ.

ಸಾವ್ಕಾರರು ವಾಡೆಯಿಂದ ಕೇಳಿದರು, "ಮಿಸ್ತ್ರಿ ಎಲ್ಲಿ ಹೋಗ್ಯಾನ?"

"ಮ್ಯಾಲ ಅದಾರ್ರಿ," ಅಂದರು ನಮ್ಮ ಮನೆಯವರು.

"ಕೆಲಸಾ ಬಿಟ್ಟು ಗೋಡಿ ಹತ್ಯಾನೇನು?"

"ಬಿಟ್ಟಿಲ್ರಿ. ಬಿಡಾಕ ಅಂಜಾಕತ್ಯಾರ."

ನನಗೆ ಮಿಸ್ತ್ರಿ ಕಾಣಲೇ ಇಲ್ಲ. ಬಾಗಿಲು ತೆರೆದದ್ದಷ್ಟೇ ಕಂಡಿತು, ಅದರಾಚೆ ಕಂಗ್ಟಿಯ ದಾರಿ ಕಂಡಿತು. ಗಂಟು ತರಲು ಓಡಿದೆ. ಬರುವಷ್ಟರಲ್ಲಿ ನಾಲ್ಕು ಜನ ಅವನ ಕಾಲು ಹಿಡಿದು ಜಗ್ಗಿದ್ದರು. ಮಿಸ್ತ್ರಿ ಬಂದ, ಬಾಗಿಲೂ ಬಂತು, ಹಾಸುಗಲ್ಲು ಕಳಚಿ ಎರಡು ತುಂಡಾಯಿತು. ಬಾಗಿಲು ಮೊದಲಿಗಿಂತ ಗಟ್ಟಿಯಾಗಿ ಕೂತಿತು.

ಮಿಸ್ತ್ರಿ ಧೋತ್ರ ಝಾಡಿಸಿಕೊಂಡು, ಬಾಗಿಲು ಒಂದು ಸಲ ತಳ್ಳಿ ನೋಡಿ, ಸಾವ್ಕಾರರಿಗೆ ಹೇಳಿದ: "ಈಗ ಭರೋಸಾ ಇಡ್ರಿ. ಇನ್ನ ಮ್ಯಾಲ ಹೋಗೋ ಮಾತೇ ಇಲ್ಲ."

ಕುಂತ ಮೇಲೆ ಇಳಿಯಬಾರದು

ನಾಲ್ಕನೇ ವರ್ಷ ಅತ್ತೆ ಪಂಚಾಂಗ ಕೇಳಿಸಿಕೊಂಡು ಬಂದರು. ಹೊತ್ತು ಏರುವ ಮುಂಚೆ ಹೊಸ್ತಿಲು ದಾಟಬೇಕು, ಆಮೇಲೆ ಗಳಿಗೆ ಚಲೋ ಇಲ್ಲ. ಬಾಗಿಲು ಆಮೇಲೆ ತೆಗೆದರಾಯಿತು, ಮೊದಲು ಹೋಗಿ ಮೋಟಾರಿನಲ್ಲಿ ಕೂತುಕೋ ಅಂದರು. ಮೋಟಾರ್‌ಖಾನೆಗೆ ಹಿತ್ತಲ ಕಡೆ ಮನುಷ್ಯರು ಹೋಗುವಷ್ಟು ಸಣ್ಣ ಬಾಗಿಲಿತ್ತು. ಉಡಿ ತುಂಬಿಸಿಕೊಂಡು ಒಳಗೆ ಹೋಗಿ ಕುಂತೆ.

ನಮ್ಮ ಮನೆಯವರು ಹಿಡಿಕೆ ಎಳೆದರು. ಬಾಗಿಲು ನಾಲ್ಕು ಬೆರಳು ಎದ್ದು ನಿಂತಿತು. ಎಣ್ಣೆ ಹಾಕಿದರು, ಸಾಬೂನು ತಿಕ್ಕಿದರು, ಬಾಗಿಲ ಕೆಳಗೆ ಕಬ್ಬಿಣದ ಸನಿಕೆ ಕೊಟ್ಟು ಮೀಟಿದರು. ಕಡೆಗೆ ಬೆವರು ಒರೆಸಿಕೊಂಡು ಬಂದು, "ಇಳಿ, ಇವತ್ತು ಆಗಲ್ಲ," ಅಂದರು.

ಅತ್ತೆ ಬಿಡಲಿಲ್ಲ. "ತವರಿಗಂತ ಉಡಿ ತುಂಬಿಕೊಂಡು ಕುಂತಾಕಿ ನಡುದಾರ್ಯಾಗ ಹೊಳ್ಳಿ ಬರಬಾರದು."

"ದಾರಿ ಎಲ್ಲಿ ಅದ ಯವ್ವಾ? ಇನ್ನ ಖಾನಿ ಒಳಗೇ ಅದಾಳ."

"ಹೊಸ್ತಿಲ ದಾಟ್ಯಾಳ. ಹೋಗ್ಯಾಳ ಅಂತನೇ ಅರ್ಥ."

"ಮತ್ತ ಹಿತ್ತಲಕ ಹೋಗಬೇಕಾದ್ರ?" ಅಂತ ನಾನು ಕೇಳಿದೆ.

ಅತ್ತೆ ಅಂದರು, "ಅದು ಲೆಕ್ಕಕ್ಕ ಇಲ್ಲ."

ಹಿಂಗೆ ನಾನು ನಿಂತ ಮೋಟಾರಿನಲ್ಲಿ ಕುಂತೇ ಪ್ರವಾಸ ಮಾಡಿದೆ. ಅತ್ತೆ ಕಿಟಕಿಯಲ್ಲಿ ರೊಟ್ಟಿ ಕೊಟ್ಟು, "ಎಲ್ಲಿ ತನಕ ಬಂತು?" ಅಂತ ಕೇಳಿ ನಕ್ಕು ಹೋಗುತ್ತಿದ್ದರು. ಆ ನಾಲ್ಕು ಬೆರಳಿನ ಸಂದಿಯಲ್ಲಿ ದಾರಿಯ ಕೆಂಪು ರಾಡಿ ಮಾತ್ರ ಕಾಣುತ್ತಿತ್ತು. ಅಷ್ಟನ್ನೇ ನೋಡುತ್ತ ಕುಂತೆ. ಅದು ಕಂಗ್ಟಿಗೆ ಹೋಗುವ ರಾಡಿ ಅಲ್ಲವೇ.

ಉಂಡಿ ಹೊತ್ತ ಕುದುರೆಯವನು ಕಂಗ್ಟಿಯಲ್ಲಿ ಅವ್ವನಿಗೆ ಸುದ್ದಿ ಮುಟ್ಟಿಸಿದ್ದ. ಹೊತ್ತು ಮುಳುಗುವಾಗ ಒಂದು ಬಂಡಿ ನಿಂತ ಸಪ್ಪಳ. ಹಿತ್ತಲ ಬಾಗಿಲಿನಿಂದ ಅವ್ವ ಬಂದಳು, ತಲೆ ಮೇಲೆ ಬುಟ್ಟಿ. ಅತ್ತೆ ಗಾಬರಿಯಾಗಿ, "ಬೀಗತಿ, ಮನಿ ಒಳಗ ಬರ್ರಿ," ಅಂದರು.

"ನಾ ಬೀಗರ ಮನಿಗಿ ಬಂದಿಲ್ರಿ," ಅಂದಳು ಅವ್ವ. "ಕರಿದೇ ಬರೋ ಪದ್ಧತಿ ನಮ್ಮಲ್ಲಿ ಇಲ್ಲ. ನಾ ಮೋಟಾರಿಗಿ ಬಂದೀನಿ." ಹತ್ತಿ ನನ್ನ ಬಗಲಿಗೆ ಕುಂತಳು.

ಅವ್ವ ಸಣ್ಣಗಾಗಿದ್ದಳು. ನಾನು ಅದನ್ನು ಹೇಳುವ ಮೊದಲೇ ಆಕೆ, "ಬಡವಾಗೀಯಲ್ಲ ನನ್ನವ್ವಾ," ಅಂದಳು. ಆಕೆಯ ಸೆರಗಿನಲ್ಲಿ ತವರುಮನೆಯ ಒಲೆಯ ವಾಸನೆ ಇತ್ತು. ಅದನ್ನೇ ಮುಖಕ್ಕೆ ಹೊದ್ದುಕೊಂಡು ಕುಂತೆ. ಬುಟ್ಟಿಯಲ್ಲಿ ತಂಬಿಟ್ಟು, ಅಳ್ಳು, ಶೇಂಗಾ ಉಂಡಿ. ನಾಲ್ಕು ವರ್ಷದ ಮಾತು ಬೆಳಗಾದರೂ ತೀರಲಿಲ್ಲ.

ಬೆಳಿಗ್ಗೆ ಎಷ್ಟೋ ದಿನದ ಮೇಲೆ ಚುರುಕು ಬಿಸಿಲು ಬಿತ್ತು. ಕಟ್ಟಿಗೆ ಒಣಗಿತೋ ಏನೋ, ನಮ್ಮ ಮನೆಯವರು ಹಿಡಿಕೆ ಮುಟ್ಟಿದ್ದೇ ತಡ, ಬಾಗಿಲು ಬೆಣ್ಣೆಯಂಗೆ ಮೇಲೆ ಹೋಯಿತು. ಎದುರಿಗೆ ದಾರಿ ಬಯಲಾಗಿ ಬಿದ್ದಿತ್ತು. ನಾನು ಗಂಟು ಮಡಿಲಿಗೆ ಎಳೆದುಕೊಂಡೆ.

ಅತ್ತೆ ಬಂದು ಮೋಟಾರಿನ ಬಾಗಿಲು ತೆಗೆದರು. "ಇಳಿಯವ್ವ ಇನ್ನ."

"ಯಾಕ್ರಿ ಅತ್ತಿ? ಈಗ ಬಾಗಲಾ ತೆರದದಲ್ಲ?"

"ಅವ್ವನ ಮಾರಿ ನೋಡ್ದಿ, ಅವ್ವನ ಕೈ ತುತ್ತು ಉಂಡಿ, ಒಂದು ರಾತ್ರಿ ಇದ್ದಿ. ತವರಿಗಿ ಹೋಗಿ ಬಂದಂಗ ಆತಲ್ಲ. ಹಬ್ಬ ಮುಗೀತು, ಮನ್ಯಾಗ ರಾಶಿ ಕೆಲಸಾ ಬಿದ್ದಾವ."

ಅವ್ವನ ಮುಖ ನೋಡಿದೆ. ಆಕೆ ಬುಟ್ಟಿ ಸರಿಸಿ ನನಗೆ ಇಳಿಯಲು ದಾರಿ ಬಿಟ್ಟಳು. ನಾನು ಇಳಿದೆ. ಬಂಡಿ ಹೊಳ್ಳಿ ಹೋಗಿತ್ತು, ಹಂಗಾಗಿ ಸಾವ್ಕಾರರು ಅವ್ವನನ್ನು ಮೋಟಾರಿನಲ್ಲಿ ಬಿಟ್ಟು ಬರಲು ಹೇಳಿದರು. ನಾಲ್ಕು ವರ್ಷ ಗಂಟು ಕಟ್ಟಿದವಳು ನಾನು, ಮೋಟಾರಿನಲ್ಲಿ ಕಂಗ್ಟಿಗೆ ಹೋದವಳು ಅವ್ವ.

ಮೋಟಾರ್ ಹೊರಟಾಗ ಅವ್ವ ಹಿಂದಿನಿಂದ ಅಳಿಯನ ಹೆಗಲು ಮುಟ್ಟಿ, ನನಗೆ ಕೇಳುವಂಗೆ ಹೇಳಿದಳು:

"ಅಳಿಯಂದ್ರ, ಬರೋ ಪಂಚಮಿಗಿ ಆ ಬಾಗಲಾಕ ಎಣ್ಣಿ ಹಾಕಬ್ಯಾಡ್ರಿ. ನಾನೇ ಬರ್ತೀನಿ."