ಎತ್ತರಕ್ಕೆ ಅಂಟಿಸಿದ ಚಿತ್ರಗಳು

ಶಿಶುವಿಹಾರದ ಮೇಷ್ಟ್ರು ಬಾಗಿಲಲ್ಲಿ ತಲೆ ತಗ್ಗಿಸಿಯೇ ಒಳಗೆ ಬರಬೇಕಾದಷ್ಟು ಉದ್ದ. ಅವತ್ತಿನ ಅವಾಂತರಕ್ಕೆಲ್ಲ ಆ ಉದ್ದವೇ ಕಾರಣ. ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಬಂದು ಮಕ್ಕಳ ಚಿತ್ರಗಳನ್ನು ತಮ್ಮ ಕಣ್ಣಿನ ಮಟ್ಟಕ್ಕೆ ಸಾಲಾಗಿ ಅಂಟಿಸಿ, ಹಿಂದೆ ಸರಿದು ನೋಡಿ, ತಾವೇ ತಲೆದೂಗಿದ್ದರು.

ಮಕ್ಕಳು ಹೆತ್ತವರ ಮುಂದೆ ತಮ್ಮ ಚಿತ್ರದ ಬಗ್ಗೆ ಬಾಯಿಬಿಟ್ಟು ಮಾತಾಡಿದರೆ ಮೇಷ್ಟ್ರ ಕೆಲಸ ಇವತ್ತೇ ಖಾಯಂ, ಇಲ್ಲದಿದ್ದರೆ ಇಲ್ಲ ಎಂದು ಶಿಶುವಿಹಾರ ನಡೆಸುವ ದೊಡ್ಡ ಮೇಡಂ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದ್ದರು. ಮೇಷ್ಟ್ರಿಗೆ ಅಳುಕೇ ಇರಲಿಲ್ಲ. ಅವರ ಉಪಾಯ ಸರಳ, ದೊಡ್ಡವರಿಗೆಲ್ಲ ಮೊದಲೇ ಹೇಳಿಕೊಟ್ಟಿದ್ದರು. ‘ಇದೇನು?’ ಎಂದು ಕೇಳಬಾರದು. ‘ಇದರ ಬಗ್ಗೆ ಹೇಳು’ ಎಂದು ಸುಮ್ಮನೆ ಕಾಯಬೇಕು. ಮಗು ನಿಲ್ಲಿಸಿದರೆ ‘ಆಮೇಲೆ?’ ಎನ್ನಬೇಕು. ಏನಾದರೂ ಸರಿ, ನಡುವೆ ಬಾಯಿ ಹಾಕಬಾರದು. ‘ಸಂಜೆ ಏನಾದ್ರೂ ಸಿಹಿ ಮಾಡಿಟ್ಟಿರು’ ಎಂದು ಹೆಂಡತಿಗೆ ಹೇಳಿಯೇ ಬಂದಿದ್ದರು.

ಹೆತ್ತವರು ಬಂದರು. ಒಬ್ಬ ಅಪ್ಪ, “ಪುಟ್ಟಾ, ನಿನ್ನ ಚಿತ್ರದ ಬಗ್ಗೆ ಹೇಳು” ಎಂದ.

ಪುಟ್ಟ ತನ್ನೆದುರಿಗಿದ್ದ ಗೋಡೆ ನೋಡಿದ. “ಇದು ಪ್ಲಗ್ಗು. ಇದು ಇರುವೆ. ಇರುವೆ ಪ್ಲಗ್ಗೊಳಗೆ ಹೋಗ್ತಿದೆ.”

“ಚಿತ್ರ ಎಲ್ಲಿದೆಯೋ?”

“ಗೊತ್ತಿಲ್ಲ.”

ಪಕ್ಕದ ಕ್ಲಾಸಿನ ಮಿಸ್ ಇಣುಕಿ ನಕ್ಕಳು. “ಮೇಷ್ಟ್ರೇ, ಚಿತ್ರ ಜಿರಾಫೆಗೆ ತೋರಿಸೋಕಾ? ಪಾಪ, ಮಕ್ಕಳಿಗೆ ಗೋಡೆ ಬುಡ ಬಿಟ್ಟು ಏನೂ ಕಾಣ್ತಿಲ್ಲ!”

ಮೇಷ್ಟ್ರು ಪುಟ್ಟನನ್ನು ಎತ್ತಿ ಹಿಡಿದರು. ಕೆಳಗಿಂದ ಅಪ್ಪ, “ಸೂರ್ಯ ಅನ್ನೋ, ಸೂರ್ಯ!” ಎಂದು ಪಿಸುಗುಟ್ಟಿದ. “ಅಲ್ಲ, ತೂತು ಬಿದ್ದಿರೋ ಬಕೆಟ್ಟು” ಎಂದ ಪುಟ್ಟ. ಮುಂದಿನ ಸರದಿ ಗುಂಡನದು. ಅವನನ್ನು ಎತ್ತುವಾಗ ಮೇಷ್ಟ್ರ ಸೊಂಟ ಕಟಕ್ಕೆಂದಿತು. “ಮಗೂನ ಹಾಗಾ ಎತ್ತೋದು? ಕಂಕುಳು ನೋಯಲ್ವಾ?” ಎಂದು ಗುಂಡನ ಅಜ್ಜಿ ಗದರಿದರು. ಅಷ್ಟರಲ್ಲಿ ದೊಡ್ಡ ಮೇಡಂ ಬಾಗಿಲಲ್ಲಿ ನಿಂತಿದ್ದರು.

ಮೇಷ್ಟ್ರು ಧೈರ್ಯಗೆಡಲಿಲ್ಲ. ಚಿತ್ರಗಳನ್ನೆಲ್ಲ ಸರಸರನೆ ಕಿತ್ತು ಮಕ್ಕಳ ಎತ್ತರಕ್ಕೆ ಅಂಟಿಸಿದರು. “ದೊಡ್ಡೋರೆಲ್ಲ ದಯವಿಟ್ಟು ನೆಲದ ಮೇಲೆ ಕೂತ್ಕೊಳ್ಳಿ. ಮಕ್ಕಳು ಹೇಳ್ತಾರೆ, ನೀವು ಕೇಳಿ” ಎಂದರು. ಅಪ್ಪಂದಿರು ಕೂತರು, ಅಜ್ಜಿಯರು ಗೊಣಗುತ್ತ ಕೂತರು, ಕೊನೆಗೆ ಮೇಡಂ ಕೂಡ ಕೂತರು.

ಮಕ್ಕಳ ಬಾಯಿಯ ಬೀಗ ತೆಗೆದಂತಾಯಿತು. ಒಬ್ಬನ ರೈಲಿಗೆ ಜ್ವರ ಬಂದಿತ್ತು, ಇನ್ನೊಬ್ಬಳ ಮೋಡ ಅಂಗಡಿಗೆ ಹೋಗಿತ್ತು. ಹೆತ್ತವರ ಕಣ್ಣು ಒದ್ದೆಯಾಯಿತು. ಮೇಷ್ಟ್ರ ಎದೆಯುಬ್ಬಿತು. ಖಾಯಂ ಆದ ಹಾಗೇ ಅಂದುಕೊಂಡರು.

ವರ್ಷವಿಡೀ ತುಟಿ ಬಿಚ್ಚದಿದ್ದ ಹುಡುಗಿಯೊಬ್ಬಳ ಚಿತ್ರದ ಮುಂದೆ ಮೇಡಂ ತಾವೇ ಕೇಳಿದರು. “ಇದರ ಬಗ್ಗೆ ಹೇಳಮ್ಮ.”

ಹುಡುಗಿ ಮೆಲ್ಲಗೆ ಅಂದಳು. “ಇದು ನಮ್ಮ ಮೇಷ್ಟ್ರು.”

“ಆಮೇಲೆ?”

“ಮೇಷ್ಟ್ರು ದೊಡ್ಡ ಮೇಡಂ ಆಗಿದ್ದಾರೆ.”

ಮೇಷ್ಟ್ರು ಎರಡು ಹೆಜ್ಜೆ ಮುಂದೆ ಬಂದವರು ಅಲ್ಲೇ ನಿಂತರು. ನಡುವೆ ಬಾಯಿ ಹಾಕುವ ಹಾಗಿಲ್ಲ, ನಿಯಮ ಅವರದ್ದೇ.

“ಆಮೇಲೆ?”

“ನಾವು ಅತ್ರೆ ನಗಿಸೋಕೆ ಮೇಷ್ಟ್ರು ಹೀಗೆ ನಡೀತಾರೆ.” ಹುಡುಗಿ ಎಡಗೈ ಸೊಂಟಕ್ಕಿಟ್ಟು, ಕನ್ನಡಕದ ಮೇಲಿಂದ ನೋಡುವವಳಂತೆ ಗಲ್ಲ ತಗ್ಗಿಸಿ, ಕಾಲು ಬೀಸಿ ನಡೆದಳು. “ಏನ್ರೀ ಇದು, ಏನ್ರೀ ಇದು!” ಮರುಕ್ಷಣ ಇಡೀ ಕ್ಲಾಸು ಅವಳ ಹಿಂದೆ ಸಾಲು ಹಿಡಿದು, ಎಡಗೈ ಸೊಂಟಕ್ಕಿಟ್ಟು, “ಏನ್ರೀ ಇದು!” ಎಂದು ಸುತ್ತಿತು. ಹೆತ್ತವರು ನಗು ತಡೆಯಲು ಕೆಮ್ಮತೊಡಗಿದರು. ಗುಂಡನ ಅಜ್ಜಿ ಅದರ ಗೋಜಿಗೂ ಹೋಗದೆ ಗಹಗಹಿಸಿ ನಕ್ಕರು.

ಮೇಡಂ ಮುಖವೂ ಅರಳಿತು. ಅವರೂ ನಕ್ಕರು, ಹೊಟ್ಟೆ ಹಿಡಿದುಕೊಂಡು ನಕ್ಕರು. ಮೇಷ್ಟ್ರಿಗೆ ಹೋದ ಜೀವ ಬಂತು. ಮೇಡಂ ಮೇಷ್ಟ್ರ ಕೈ ಹಿಡಿದು ಮೇಲೆದ್ದು, ಸೀರೆಯ ಧೂಳು ಕೊಡವಿಕೊಂಡು ಹೇಳಿದರು.

“ಮಕ್ಕಳು ತುಂಬಾ ಚೆನ್ನಾಗಿ ಮಾತಾಡ್ತಾರೆ ಮೇಷ್ಟ್ರೇ. ಆದ್ರೆ ನಾನು ಸೊಂಟಕ್ಕೆ ಇಟ್ಕೊಳ್ಳೋದು ಬಲಗೈ. ಸರಿಯಾಗಿ ನೋಡಿ ಕಲಿಯೋಕೆ ನಿಮಗೆ ಇನ್ನೂ ಒಂದು ವರ್ಷ ಬೇಕು ಅನ್ಸುತ್ತೆ. ಖಾಯಂ ವಿಷಯ ಅದಾದ ಮೇಲೆ ನೋಡೋಣ.”